ನಮ್ಮ ಮನೆಯ ಕೊಳಕು ಎಲ್ಲಿಗೆ ಹೋಗುತ್ತದೆ?

ಬೆಳಿಗ್ಗೆ ಎದ್ದು ವುಝೂ ಮಾಡುತ್ತೀರಿ. ಪಾತ್ರೆ ತೊಳೆಯುತ್ತೀರಿ, ಬಟ್ಟೆ ಒಗೆಯುತ್ತೀರಿ, ಮಕ್ಕಳಿಗೆ ಸ್ನಾನ ಮಾಡಿಸುತ್ತೀರಿ. ಶೌಚಾಲಯದಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಎಲ್ಲವೂ ಕಣ್ಮರೆ. ಆದರೆ ಹಾಗೆ ಕಣ್ಮರೆಯಾದದ್ದು ಎಲ್ಲಿಗೆ ಹೋಯಿತೆಂದು ನೀವು ಎಂದಾದರೂ ಯೋಚಿಸಿದ್ದೀರಾ? ನಲವತ್ತು ದಾಟುವವರೆಗೂ ನಾನು ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು ನಮ್ಮ ಮನೆಯ ಬಾವಿ.

ಮಂಗಳೂರು ನಗರದ ಅಂಚಿನಲ್ಲಿ ಐದು ಸೆಂಟ್ಸ್ ಜಾಗದಲ್ಲಿ ನಮ್ಮ ಮನೆ. ಒಂದು ಮೂಲೆಯಲ್ಲಿ ಬಾವಿ, ಇನ್ನೊಂದು ಮೂಲೆಯಲ್ಲಿ ಸೆಪ್ಟಿಕ್ ಟ್ಯಾಂಕ್. ಒಂದು ಮಳೆಗಾಲದಲ್ಲಿ ಬಾವಿ ನೀರು ವಾಸನೆ ಬರತೊಡಗಿತು. ಮಗಳು ಹೊಟ್ಟೆನೋವೆಂದು ಮಲಗಿದಳು. ನೆರೆಮನೆಯವರ ಟ್ಯಾಂಕೇ ಕಾರಣವೆಂದು ನಾನು ಅವರೊಂದಿಗೆ ಜಗಳವಾಡಿದೆ. ಮೇಸ್ತ್ರಿಯನ್ನು ಕರೆಸಿ ನೋಡಿದರೆ ತಪ್ಪು ನಮ್ಮದೇ! ಹದಿನೈದು ವರ್ಷಗಳಿಂದ ನಾವು ಟ್ಯಾಂಕನ್ನು ಒಮ್ಮೆಯೂ ಖಾಲಿ ಮಾಡಿಸಿರಲಿಲ್ಲ. ತುಂಬಿದ ಹೂಳು ಇಂಗುಗುಂಡಿಗೆ ಹರಿದು, ಅಲ್ಲಿಂದ ಮುರಕಲ್ಲಿನ ಸಂದುಗಳಲ್ಲಿ ಬಾವಿಗೆ ದಾರಿ ಮಾಡಿಕೊಂಡಿತ್ತು. ನಮ್ಮ ಕರಾವಳಿಯ ಮುರಕಲ್ಲು ನೀರನ್ನು ಬೇಗನೆ ಬಿಟ್ಟುಕೊಡುತ್ತದೆ. ಬಾವಿಗೂ ಇಂಗುಗುಂಡಿಗೂ 50-60 ಅಡಿಗಳಾದರೂ ಅಂತರ ಬೇಕು. ಐದು ಸೆಂಟ್ಸಿನಲ್ಲಿ ಅಷ್ಟು ಅಂತರ ಎಲ್ಲಿಂದ ತರುವುದು? ಮರುದಿನ ನೆರೆಮನೆಗೆ ಹೋಗಿ ಕ್ಷಮೆ ಕೇಳಿದೆ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬನ್ನಿ, ಅದರ ಹಿಂದೆಯೇ ನಗರದಲ್ಲಿ ಒಂದು ಸುತ್ತು ಹಾಕೋಣ.

ಬಂದರಿನ ಇಕ್ಕಟ್ಟಿನ ರಸ್ತೆಗಳನ್ನು ದಾಟಿ ಕುದ್ರೋಳಿಗೆ ಬಂದರೆ ಕೆಲವೊಮ್ಮೆ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ. ಅಲ್ಲಿ ಒಳಚರಂಡಿಯ ವೆಟ್‌ವೆಲ್ ಇದೆ. ಮಂಗಳೂರು ಗುಡ್ಡ-ತಗ್ಗುಗಳ ಊರು. ಎತ್ತರದ ಮನೆಗಳ ಕೊಳಚೆ ತಗ್ಗಿಗೆ ಇಳಿಯುತ್ತದೆ, ಅಲ್ಲಿಂದ ಪಂಪು ಅದನ್ನು ಮೇಲೆತ್ತಿ ಸಂಸ್ಕರಣಾ ಘಟಕಕ್ಕೆ ತಳ್ಳುತ್ತದೆ. ಪಂಪು ನಿಂತರೆ ಕೊಳಚೆ ತೋಡಿಗೆ, ತೋಡಿನಿಂದ ಹೊಳೆಗೆ. ಎತ್ತರದಲ್ಲಿರುವವರು ಗುಂಡಿ ಒತ್ತುತ್ತಾರೆ, ವಾಸನೆ ಮಾತ್ರ ತಗ್ಗಿನಲ್ಲಿರುವವರ ಪಾಲು!

ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಕರಾವಳಿ ನಗರಗಳಲ್ಲಿ ದೊಡ್ಡ ಒಳಚರಂಡಿ ಯೋಜನೆಯೊಂದು ನಡೆದದ್ದು ನಿಮಗೆ ನೆನಪಿರಬಹುದು. ಇಂದು ಮಂಗಳೂರಿನಲ್ಲಿ ನಾಲ್ಕು ಕಡೆ ಸಂಸ್ಕರಣಾ ಘಟಕಗಳಿವೆ. ದಿನಕ್ಕೆ ಕಾವೂರಿನದು 4 ಕೋಟಿ 35 ಲಕ್ಷ ಲೀಟರ್, ಬಜಾಲಿನದು 2 ಕೋಟಿ ಲೀಟರ್, ಸುರತ್ಕಲಿನದು 1 ಕೋಟಿ 65 ಲಕ್ಷ ಲೀಟರ್ ಸಾಮರ್ಥ್ಯದ್ದು. ಜೆಪ್ಪಿನಮೊಗರಿನದು ಇವೆಲ್ಲಕ್ಕಿಂತ ಚಿಕ್ಕದು. ಹಾಗಿದ್ದರೂ ನಗರದ ಎಲ್ಲ ಮನೆಗಳಿಗೂ ಒಳಚರಂಡಿ ತಲುಪಿಲ್ಲ. ನಮ್ಮ ಮನೆಯೂ ಅವುಗಳಲ್ಲೊಂದು.

ಇಂತಹ ಘಟಕಗಳಲ್ಲಿ ಕೆಲಸ ಮಾಡುವವರು ಯಾರು ಗೊತ್ತೇ? ಕಣ್ಣಿಗೆ ಕಾಣದ ಅಣುಜೀವಿಗಳು. ಕೊಳಚೆಗೆ ಗಾಳಿ ಊದಿದರೆ ಅವು ಹೊಲಸನ್ನು ತಿಂದು ಬೆಳೆಯುತ್ತವೆ, ಬೆಳೆದು ತಳಕ್ಕೆ ಕೂರುತ್ತವೆ. ಮೇಲಿನ ನೀರು ತಿಳಿಯಾಗುತ್ತದೆ. ತಳದ ಕೆಸರಿನಲ್ಲಿ ಒಂದು ಭಾಗವನ್ನು ಮತ್ತೆ ತೊಟ್ಟಿಗೆ ಬಿಟ್ಟು ಅದೇ ಕೆಲಸಕ್ಕೆ ಹಚ್ಚುತ್ತಾರೆ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದ ಈ ವಿಧಾನ ಇಂದು ಜಗತ್ತಿನ ನಗರಗಳನ್ನೆಲ್ಲ ಕಾಯುತ್ತಿದೆ.

ತಿಳಿಯಾದ ನೀರಿಗೆ ನಮ್ಮಲ್ಲಿ ಈಗ ಬೆಲೆ ಬಂದಿದೆ. 2016 ಮತ್ತು 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರು ಇಳಿದು, ನಳ್ಳಿಯಲ್ಲಿ ಪ್ರತಿದಿನ ನೀರು ಬಾರದಿದ್ದುದನ್ನು ಮರೆತಿರಾ? ಕಾವೂರಿನಲ್ಲಿ ಶುದ್ಧೀಕರಿಸಿದ ನೀರು ವಿಶೇಷ ಆರ್ಥಿಕ ವಲಯದ ಕೈಗಾರಿಕೆಗಳಿಗೆ ಹೋಗುತ್ತದೆ. ನೇತ್ರಾವತಿಯ ಅಷ್ಟು ನೀರು ನಮ್ಮ ಕೊಡಗಳಿಗೆ ಉಳಿಯಿತು. ಆದರೆ ತಳದಲ್ಲಿ ಉಳಿಯುವ ಕೆಸರನ್ನು ಕೇಳುವವರು ಯಾರು?

ಆ ಕೆಸರನ್ನು ಕಂಡು ಮುಖ ಸಿಂಡರಿಸುವ ಮುನ್ನ ಪಣಂಬೂರಿಗೆ ಒಮ್ಮೆ ಬನ್ನಿ. ಅಲ್ಲಿ 1976ರಿಂದ ರಸಗೊಬ್ಬರ ತಯಾರಾಗುತ್ತಿದೆ. ಗಿಡಗಳಿಗೆ ಬೇಕಾದ ರಂಜಕ ನಮ್ಮ ದೇಶದಲ್ಲಿ ಕಡಿಮೆ. ಮೊರೊಕ್ಕೊ, ಜೋರ್ಡಾನ್‌ಗಳಂತಹ ದೂರದ ನಾಡುಗಳಿಂದ ಅದು ಭಾರತಕ್ಕೆ ಹಡಗಿನಲ್ಲಿ ಬರುತ್ತದೆ. ಗೊಬ್ಬರವಾಗಿ ಹೊಲ ಸೇರುತ್ತದೆ, ಅನ್ನವಾಗಿ ನಮ್ಮ ಹೊಟ್ಟೆ ಸೇರುತ್ತದೆ, ಕೊನೆಗೆ ಚರಂಡಿ ಸೇರುತ್ತದೆ. ಕೆಸರಿನಲ್ಲಿರುವುದು ಅದೇ ರಂಜಕ, ಅದೇ ಸಾರಜನಕ. ವಿದೇಶೀ ವಿನಿಮಯ ಕೊಟ್ಟು ತಂದದ್ದನ್ನು ಒಮ್ಮೆ ಉಪಯೋಗಿಸಿ ಸಮುದ್ರಕ್ಕೆ ಸುರಿಯುವುದು ದುಂದುವೆಚ್ಚವಲ್ಲದೆ ಮತ್ತೇನು? ಅಮೆರಿಕದ ಮಿಲ್ವಾಕಿ ನಗರ ತನ್ನ ಕೊಳಚೆ ಕೆಸರನ್ನು ಒಣಗಿಸಿ 1926ರಿಂದಲೇ ಚೀಲದಲ್ಲಿ ತುಂಬಿ ಗೊಬ್ಬರವಾಗಿ ಮಾರುತ್ತಿದೆ.

ಹಾಗೆಂದು ಹಸಿ ಕೆಸರನ್ನು ನೇರವಾಗಿ ತೋಟಕ್ಕೆ ಸುರಿಯಬಾರದು. ಅದರಲ್ಲಿ ರೋಗಾಣುಗಳಿವೆ. ದುಂಡು ಹುಳದ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು. ಚೆನ್ನಾಗಿ ಕಳಿಸಿ, 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖದಲ್ಲಿ ಕೆಲವು ದಿನ ಇಟ್ಟರೆ ಅವು ಸಾಯುತ್ತವೆ. ಆದರೆ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳು, ಕೆಲವು ರಾಸಾಯನಿಕಗಳು ಎಷ್ಟು ಕಾಯಿಸಿದರೂ ಹೋಗುವುದಿಲ್ಲ. ಅಂತಹ ರಾಸಾಯನಿಕ ಹೊಲಗಳಲ್ಲಿ ಪತ್ತೆಯಾದ ಕಾರಣ ಅಮೆರಿಕದ ಮೇನ್ ರಾಜ್ಯವು 2022ರಲ್ಲಿ ಕೆಸರನ್ನು ಹೊಲಕ್ಕೆ ಹಾಕುವುದನ್ನೇ ನಿಷೇಧಿಸಿತು. ಆದ್ದರಿಂದ ಪರೀಕ್ಷೆಯಿಲ್ಲದೆ ಬಳಕೆ ಸಲ್ಲದು.

ನಮ್ಮ ರಾಜ್ಯದಲ್ಲಿ ಇದು ಸಾಧ್ಯವೇ ಎಂದು ನೀವು ಕೇಳಬಹುದು. ಉಮ್ರಾ ಯಾತ್ರೆಗೆ ಹೊರಟ ಸಂಬಂಧಿಕರನ್ನು ಬೀಳ್ಕೊಡಲು ಒಮ್ಮೆ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಹತ್ತಿರದಲ್ಲೇ ದೇವನಹಳ್ಳಿ. ಟಿಪ್ಪು ಸುಲ್ತಾನರ ಜನ್ಮಸ್ಥಳವೆಂದು ನಾವು ಮಕ್ಕಳಿಗೆ ಪಾಠ ಹೇಳುವ ಊರು. ಆ ಊರಿಗೆ ಇನ್ನೊಂದು ಹೆಗ್ಗಳಿಕೆಯೂ ಇದೆ. ಸೆಪ್ಟಿಕ್ ಟ್ಯಾಂಕ್ ಮತ್ತು ಗುಂಡಿಗಳ ಮಲಕೆಸರನ್ನು ಸಂಸ್ಕರಿಸಲೆಂದೇ ಇಡೀ ಪಟ್ಟಣಕ್ಕೆ ಕಟ್ಟಿದ ದೇಶದ ಮೊದಲ ಘಟಕ 2015ರಲ್ಲಿ ಅಲ್ಲಿ ಆರಂಭವಾಯಿತು. ಲಾರಿ ತಂದು ಸುರಿದ ಕೆಸರು ತೊಟ್ಟಿಯಿಂದ ತೊಟ್ಟಿಗೆ ಇಳಿಜಾರಿನಲ್ಲಿ ತಾನಾಗಿಯೇ ಇಳಿಯುತ್ತದೆ. ಕಳಿತು, ಒಣಗುವ ಹಾಸಿಗೆ ಸೇರುತ್ತದೆ. ಒಣಗಿದ ಮೇಲೆ ಅದನ್ನು ಊರಿನ ಹಸಿಕಸದೊಂದಿಗೆ ಬೆರೆಸಿ ಕಾಂಪೋಸ್ಟ್ ಮಾಡಿ ರೈತರಿಗೆ ಕೊಡುವ ವ್ಯವಸ್ಥೆ. ಒಂದು ಚಿಕ್ಕ ಪಟ್ಟಣಕ್ಕೆ ಸಾಧ್ಯವಾದದ್ದು ನಮಗೇಕೆ ಸಾಧ್ಯವಿಲ್ಲ? 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಮನೆ-ತೋಟಗಳನ್ನು ನುಂಗಿದ್ದನ್ನು ಕಂಡವರು ನಾವು. ಎಸೆದದ್ದು ಎಲ್ಲಿಯೂ ಹೋಗುವುದಿಲ್ಲ, ಒಂದು ದಿನ ಇನ್ನೊಬ್ಬರ ಅಂಗಳಕ್ಕೆ ಬರುತ್ತದೆ ಎಂಬುದನ್ನು ನಮಗೆ ಬೇರೆ ಯಾರು ಕಲಿಸಬೇಕು?

ಈ ವಿಷಯವನ್ನು ಮದ್ರಸದಲ್ಲಿ ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತು, “ಉಸ್ತಾದ್, ಅದು ನಜಸ್ ಅಲ್ಲವೇ?” ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ನಮ್ಮ ಫಿಕ್‌ಹ್ ಪಂಡಿತರು ಈ ಪ್ರಶ್ನೆಯಿಂದ ಮುಖ ತಿರುಗಿಸಿದವರಲ್ಲ. ವಸ್ತುವಿನ ಸ್ವರೂಪವೇ ಪೂರ್ಣವಾಗಿ ಬದಲಾದರೆ ಅದರ ವಿಧಿಯೂ ಬದಲಾಗುತ್ತದೆಂದು ಹನಫೀ ವಿದ್ವಾಂಸರು ಹೇಳಿದರು. ಉಪ್ಪಿನ ಗಣಿಗೆ ಬಿದ್ದು ಉಪ್ಪಾಗಿಯೇ ಹೋದ ಕತ್ತೆ ಅವರ ಪ್ರಸಿದ್ಧ ಉದಾಹರಣೆ. ಶಾಫಿಈ ವಿದ್ವಾಂಸರು ಈ ವಿಚಾರದಲ್ಲಿ ಹೆಚ್ಚು ಬಿಗಿ. ಆದರೂ ಅಂತಹ ಗೊಬ್ಬರದಲ್ಲಿ ಬೆಳೆದ ಬೆಳೆಯನ್ನು ಅವರು ಅಶುದ್ಧವೆನ್ನಲಿಲ್ಲ. ನಜಸ್ ತಾಗಿದ ಭಾಗವನ್ನು ತೊಳೆಯಬೇಕೆಂದರು, ಅಷ್ಟೆ. ಬಣ್ಣ, ರುಚಿ, ವಾಸನೆಗಳಲ್ಲಿ ಕೊಳಕಿನ ಕುರುಹು ಉಳಿಯದಂತೆ ಸಂಸ್ಕರಿಸಿದ ನೀರು ಶುದ್ಧವೆಂದು ಸೌದಿಯ ಹಿರಿಯ ವಿದ್ವಾಂಸರ ಮಂಡಳಿ 1978ರಲ್ಲೇ ತೀರ್ಪು ನೀಡಿತ್ತು. ನಜಸನ್ನು ನಿವಾರಿಸು ಎಂದರೆ ಅದನ್ನು ಇನ್ನೊಬ್ಬರ ಬಾವಿಗೆ ದಾಟಿಸು ಎಂದಲ್ಲ.

ಇನ್ನೊಂದು ಮಾತು. ನಮ್ಮ ಟ್ಯಾಂಕ್ ಖಾಲಿ ಮಾಡಲು ಬಂದ ಯುವಕ ಒಳಗೆ ಇಳಿಯಲು ಸಿದ್ಧನಾಗಿದ್ದ. ನಾನು ತಡೆದೆ. ಟ್ಯಾಂಕಿನೊಳಗಿನ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಅದರೊಳಗೆ ಇಳಿಸುವುದು 2013ರ ಕಾನೂನಿನ ಪ್ರಕಾರ ಅಪರಾಧ. ನಮ್ಮ ಶುಚಿತ್ವಕ್ಕಾಗಿ ಒಬ್ಬ ತಾಯಿಯ ಮಗ ಸಾಯಬೇಕೇ?

ಯಂತ್ರಗಳನ್ನು ಸರಕಾರ ತರಬಹುದು. ಆದರೆ ಕೆಸರು ಗೊಬ್ಬರವಾಗುತ್ತದೋ ವಿಷವಾಗುತ್ತದೋ ಎಂಬುದು ಬಹುಪಾಲು ನಮ್ಮ ಅಡುಗೆಮನೆ, ಬಚ್ಚಲುಮನೆಗಳಲ್ಲೇ ತೀರ್ಮಾನವಾಗುತ್ತದೆ. ಹಳೆಯ ಔಷಧಿ, ಬಣ್ಣ, ಬ್ಯಾಟರಿಯ ನೀರನ್ನು ಚರಂಡಿಗೆ ಸುರಿಯಬೇಡಿ. ಕರಿದ ಎಣ್ಣೆಯನ್ನು ಸಿಂಕಿಗೆ ಬಿಡಬೇಡಿ. ಡಯಾಪರ್, ಪ್ಯಾಡ್‌ಗಳನ್ನು ಶೌಚಾಲಯಕ್ಕೆ ಹಾಕಬೇಡಿ. ಸೆಪ್ಟಿಕ್ ಟ್ಯಾಂಕನ್ನು ಎರಡು-ಮೂರು ವರ್ಷಗಳಿಗೊಮ್ಮೆ ಯಂತ್ರದಿಂದಲೇ ಖಾಲಿ ಮಾಡಿಸಿ. ಲಾರಿಯವನು ಹಣ ಎಣಿಸುವಾಗ “ಇದನ್ನು ಎಲ್ಲಿ ಸುರಿಯುತ್ತೀಯಪ್ಪಾ?” ಎಂದು ಕೇಳಿ. ಕತ್ತಲಲ್ಲಿ ಯಾವುದೋ ತೋಡಿಗೆ ಸುರಿಯುವವನಾದರೆ ಅವನಿಗೆ ಹಣ ಕೊಟ್ಟ ನಾವೂ ಪಾಲುದಾರರು.

ನಮ್ಮ ಬಾವಿ ನೀರನ್ನು ಈಗ ಪರೀಕ್ಷೆ ಮಾಡಿಸಿ, ಕುದಿಸಿಯೇ ಕುಡಿಯುತ್ತೇವೆ. ಟ್ಯಾಂಕ್ ಖಾಲಿ ಮಾಡಿಸಿದ ದಿನಾಂಕವನ್ನು ಅಡುಗೆಮನೆಯ ಬಾಗಿಲ ಹಿಂದೆ ಮಗಳು ಬರೆದಿಟ್ಟಿದ್ದಾಳೆ. ನಿಮ್ಮ ಮನೆಯ ಟ್ಯಾಂಕ್ ಕೊನೆಯ ಬಾರಿ ಖಾಲಿಯಾದದ್ದು ಯಾವಾಗ? ಇಂದು ರಾತ್ರಿ ಊಟಕ್ಕೆ ಕುಳಿತಾಗ ಮನೆಯವರನ್ನು ಒಮ್ಮೆ ಕೇಳಿ ನೋಡಿ.