ಏನ್ ಬೇಕು ಪುಟ್ಟಿ?

ಮೊನ್ನೆ ಶನಿವಾರ ದೋಸೆ ಹುಯ್ಯುತ್ತಿದ್ದಾಗ ಹಾಲ್‌ನಿಂದ ನನ್ನ 7 ವರ್ಷದ ಮಗಳ ದನಿ ಕೇಳಿಸಿತು. ಸ್ಮಾರ್ಟ್ ಸ್ಪೀಕರ್‌ಗೆ ಹಾಡು ಹಾಕಲು ಹೇಳುತ್ತಿದ್ದಳು. ಮೊದಲ ಸಲ ಸರಿಯಾಗಿಯೇ "ಜನುಮದ ಜೋಡಿ" ಅಂದಳು. ಅದಕ್ಕೆ ತಿಳಿಯಲಿಲ್ಲ. ಎರಡನೇ ಸಲ, ಅವಳ ಶಾಲೆಯ ಟೀಚರ್ ಓದಿದರೆ ಹೇಗಿರುತ್ತದೋ ಹಾಗೆ, "ಜಾನುಮಾಡಾ ಜೋಡೀ" ಅಂದಳು. ತಕ್ಷಣ ಹಾಡು ಬಂತು.

ನಿಮ್ಮ ಮನೆಯಲ್ಲೂ ಹೀಗಾಗಿರಬಹುದು. ನಕ್ಕು ಬಿಟ್ಟುಬಿಡುವ ವಿಷಯವೇ. ಆದರೆ ಅವತ್ತು ನನಗೆ ನಗು ಬರಲಿಲ್ಲ. ಕನ್ನಡದ ಹಾಡು ಬೇಕಾದರೆ ಕನ್ನಡವನ್ನು ಕೆಡಿಸಿ ಹೇಳಬೇಕು ಅಂತ ಅವಳು ತಾನಾಗಿಯೇ ಕಲಿತುಬಿಟ್ಟಿದ್ದಳು.

ಆ ಸಿನಿಮಾ ಬಂದದ್ದು 1996ರಲ್ಲಿ. ಆಗ ನನಗೂ 7 ವರ್ಷ. ವಿ. ಮನೋಹರ್ ಸಂಗೀತದ ಆ ಹಾಡುಗಳು ನಮ್ಮ ಶಿವಮೊಗ್ಗದ ಬಸ್ಸು, ಹೋಟೆಲು, ಮದುವೆಮನೆ ಎಲ್ಲ ಕಡೆಯೂ ಕೇಳುತ್ತಿದ್ದವು. ಅಪ್ಪ ನನ್ನನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ದುರ್ಗಿಗುಡಿಯ ಕ್ಯಾಸೆಟ್ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದರು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದಷ್ಟು ಸಣ್ಣ ಅಂಗಡಿ. ನೆಲದಿಂದ ಸೂರಿನವರೆಗೆ ಕ್ಯಾಸೆಟ್ಟುಗಳು: ಸಂಗೀತಾ, ಲಹರಿ, ಅಶ್ವಿನಿ, ನಾಯಿ ಚಿತ್ರದ ಎಚ್.ಎಂ.ವಿ.

ಬರುವವರಲ್ಲಿ ಅರ್ಧ ಜನಕ್ಕೆ ತಮಗೆ ಬೇಕಾದ ಹಾಡಿನ ಹೆಸರೇ ಗೊತ್ತಿರುತ್ತಿರಲಿಲ್ಲ. "ಮೊನ್ನೆ ರೇಡಿಯೋದಲ್ಲಿ ಬಂತಲ್ಲ ಅಣ್ಣ, ಹೆಂಗಸಿನ ದನಿ, ಮಧ್ಯೆ ಮಳೆ ಗಿಳೆ ಅಂತ ಏನೋ ಬರುತ್ತೆ" ಅನ್ನುವರು. ಅಂಗಡಿಯಣ್ಣ ಎರಡು ಪ್ರಶ್ನೆ ಕೇಳಿ, ಸ್ಟೂಲು ಹತ್ತಿ, ಒಂದು ಕ್ಯಾಸೆಟ್ ಎಳೆದು ಕೊಡುವರು. ಅಪ್ಪನಿಗೆ ಬೇಕಾದ್ದು ಭಾವಗೀತೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 1978ರ 'ನಿತ್ಯೋತ್ಸವ', ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್, ನಮ್ಮನೆಯಲ್ಲಿ ಸವೆದು ಸವೆದು ಎರಡನೇ ಪ್ರತಿ ಕೊಳ್ಳಬೇಕಾಯಿತು.

ಬೇಕಾದ ಹಾಡುಗಳ ಪಟ್ಟಿ ಕೊಟ್ಟರೆ 60 ನಿಮಿಷದ ಖಾಲಿ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿಕೊಡುತ್ತಿದ್ದರು, ಒಂದೊಂದು ಬದಿಗೆ ಆರೋ ಏಳೋ ಹಾಡು. ಪಟ್ಟಿ ಬರೆಯುವುದು ನನ್ನ ಕೆಲಸ. ಒಂದು ಸಲ 'ಹಕ್ಕಿ' ಅನ್ನುವ ಕಡೆ 'ಅಕ್ಕಿ' ಅಂತ ಬರೆದಿದ್ದೆ. ಅಂಗಡಿಯಣ್ಣ ಚೀಟಿ ನೋಡಿ, "ಏನ್ ಪುಟ್ಟಿ, ಹಾಡು ರೆಕಾರ್ಡ್ ಮಾಡ್ಲೋ, ಅಕ್ಕಿ ತೂಗ್ಲೋ?" ಅಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಇವತ್ತಿನವರೆಗೂ ನಾನು ಆ 'ಹ' ಬಿಟ್ಟಿಲ್ಲ.

ಈಗ ನಾವಿರುವುದು ಪಶ್ಚಿಮ ಲಂಡನ್ನಿನ ಹೇಯ್ಸ್‌ನಲ್ಲಿ. ಆ ನಾಯಿ ಚಿತ್ರದ ಗ್ರಾಮಫೋನ್ ಕಂಪನಿ 1907ರಲ್ಲಿ ಕಾರ್ಖಾನೆ ಕಟ್ಟಲು ತೊಡಗಿದ್ದು ನಮ್ಮ ಸ್ಟೇಷನ್ನಿನ ಪಕ್ಕದಲ್ಲೇ. ಬೀಟಲ್ಸ್ ರೆಕಾರ್ಡುಗಳೂ ಅಚ್ಚಾದದ್ದು ಅಲ್ಲಿಯೇ. ಈಗ ಆ ಜಾಗದ ಹೆಸರು 'ದಿ ಓಲ್ಡ್ ವೈನಿಲ್ ಫ್ಯಾಕ್ಟರಿ', ಇರುವುದು ಫ್ಲ್ಯಾಟುಗಳು. ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ 1921ರಲ್ಲಿ ಎಡ್ವರ್ಡ್ ಎಲ್ಗರ್ ಉದ್ಘಾಟಿಸಿದ ಎಚ್.ಎಂ.ವಿ. ಅಂಗಡಿ 2019ರಲ್ಲಿ ಮುಚ್ಚಿ, 2023ರಲ್ಲಿ ಮತ್ತೆ ತೆರೆಯಿತು. ಆದರೆ ಅಲ್ಲಿ ಕನ್ನಡದ ಹಾಡು ಕೇಳುವವರು ಯಾರು? ಪಕ್ಕದ ಸೌತಾಲ್‌ನಲ್ಲಿ ಒಂದು ಕಾಲಕ್ಕೆ ಪಂಜಾಬಿ, ಹಿಂದಿ ಕ್ಯಾಸೆಟ್ಟುಗಳ ಅಂಗಡಿಗಳಿದ್ದವು. ನಮಗಿಂತ ಮುಂಚೆ ಬಂದ ಕನ್ನಡದವರು ಮಾತ್ರ ಸೂಟ್‌ಕೇಸಿನಲ್ಲಿ ಸಾರಿನಪುಡಿಯ ಜೊತೆ ಕ್ಯಾಸೆಟ್ಟುಗಳನ್ನೂ ಊರಿನಿಂದಲೇ ಹೊತ್ತು ತರುತ್ತಿದ್ದರು.

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಮಗಳಿಗೆ ನನ್ನ ಕ್ಯಾಸೆಟ್ ಅಂಗಡಿ ತೋರಿಸುವ ಹುಮ್ಮಸ್ಸಿನಲ್ಲಿ ದುರ್ಗಿಗುಡಿಗೆ ಹೋದೆ. ಅಲ್ಲಿ ಮೊಬೈಲ್ ಕವರ್ ಮಾರುತ್ತಿದ್ದರು. ಅದನ್ನು ನಾನು ನಿರೀಕ್ಷಿಸಿದ್ದೆ. ನಿರೀಕ್ಷಿಸದೇ ಇದ್ದದ್ದು ಇನ್ನೊಂದು. ಮಗಳು ತೂಗುಹಾಕಿದ್ದ ಮೊಲದ ಕೀಚೈನ್ ನೋಡುತ್ತ ನಿಂತಳು. ಕೌಂಟರಿನ ಹುಡುಗ ನಗುತ್ತ, "ಏನ್ ಬೇಕು ಪುಟ್ಟಿ?" ಅಂದ. ಅವಳು ನನ್ನ ಹಿಂದೆ ಅವಿತುಕೊಂಡು, ನೀನೇ ಕೇಳು ಅಂತ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಅವನು ಕೇಳಿದ್ದು ಅವಳಿಗೆ ಅರ್ಥವಾಗಿತ್ತು. ಉತ್ತರವೂ ಗೊತ್ತಿತ್ತು. ಬಾಯಿ ಮಾತ್ರ ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಕೀಚೈನ್ ಕೊಳ್ಳದೇ ಬಂದೆವು.

ಲಂಡನ್ನಿಗೆ ವಾಪಸ್ ಬಂದ ಮೇಲೆ ಬಹಳ ದಿನ ಅದನ್ನೇ ಯೋಚಿಸಿದೆ. ಹಾಡುಗಳ ಲೆಕ್ಕದಲ್ಲಿ ನನ್ನ ಮಗಳಿಗೆ ಯಾವ ಕೊರತೆಯೂ ಇಲ್ಲ. ಆ ಅಂಗಡಿಯಲ್ಲಿದ್ದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಅವಳ ಕೈಗೆ ಸಿಗುತ್ತದೆ. ಅವಳಿಗೆ ಸಿಗದೇ ಇರುವುದು ಕೌಂಟರು. ಅಪ್ಪ ಅಮ್ಮ ಅಲ್ಲದ ಒಬ್ಬರ ಮುಂದೆ ನಿಂತು, ಬೇಕಾದ್ದನ್ನು ಕನ್ನಡದಲ್ಲಿ ವಿವರಿಸಿ, ಅರ್ಥವಾಗದಿದ್ದರೆ ಇನ್ನೊಂದು ರೀತಿ ಹೇಳಿ, ಕೊನೆಗೆ ಅದನ್ನು ಪಡೆದು ಬರುವುದು. ನನ್ನ ಸಂಶೋಧನೆ ಪ್ರೋಟೀನುಗಳ ಮೇಲೆ, ಭಾಷೆಯ ಮೇಲಲ್ಲ. ಆದರೂ ಓದಿದ್ದು ನೆನಪಿದೆ: ಎರಡು ಭಾಷೆಯ ಮಕ್ಕಳಿಗೆ ಒಂದು ಭಾಷೆ ಎಷ್ಟು ಹೊತ್ತು ಕಿವಿಗೆ ಬೀಳುತ್ತದೆ ಅನ್ನುವುದರ ಜೊತೆಗೆ, ಎಷ್ಟು ಬೇರೆ ಬೇರೆ ಜನರಿಂದ ಬೀಳುತ್ತದೆ ಅನ್ನುವುದೂ ಮುಖ್ಯ. ನಮ್ಮ ಮನೆಯಲ್ಲಿ ಆ ಸಂಖ್ಯೆ ಎರಡು.

ಹಾಗಾಗಿ ಅಪ್ಪನಿಗೆ ಒಂದು ಅಂಗಡಿ ಇಟ್ಟುಕೊಟ್ಟೆವು. ಪ್ರತಿ ಭಾನುವಾರ ವಿಡಿಯೋ ಕಾಲ್‌ನಲ್ಲಿ ಮಗಳು ಒಂದು ಹಾಡು ಕೇಳಬೇಕು. ಹಾಡಿನ ಹೆಸರು ಹೇಳುವಂತಿಲ್ಲ, ಅದರಲ್ಲಿ ಏನಿದೆ ಅಂತ ಹೇಳಬೇಕು. ಅಜ್ಜ ಹುಡುಕಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಮೊದಲ ವಾರ "ಆನೆ ಹಾಡು" ಅಂದು ಸುಮ್ಮನಾದಳು. "ಯಾವ ಆನೆ ಮೇಡಂ? ಊರಿನದ್ದೋ, ಕಾಡಿನದ್ದೋ?" ಅಂದರು ಅಪ್ಪ. ಅವಳು ನನ್ನ ಮುಖ ನೋಡಿದಳು. ನಾನು ಎದ್ದು ಅಡಿಗೆಮನೆಗೆ ಹೋದೆ. ಅದು ಸುಲಭವಾಗಿರಲಿಲ್ಲ.

ನಾಲ್ಕನೇ ವಾರವೋ ಐದನೇ ವಾರವೋ ಅಪ್ಪ ಬೇಕೆಂದೇ, "ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ" ಅಂದುಬಿಟ್ಟರು. ಇವಳಿಗೆ ಸಿಟ್ಟು ಬಂತು. "ಸುಳ್ಳು! ನೀನು ಸರಿಯಾಗಿ ಹುಡ್ಕೇ ಇಲ್ಲ ಅಜ್ಜ! ಮೇಲ್ಗಡೆ ನೋಡು!" ಅಂದಳು. ನನ್ನ ಮಗಳು ಕನ್ನಡದಲ್ಲಿ ಜಗಳವಾಡಿದ್ದು ಅದೇ ಮೊದಲು. ಅಡಿಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. ಇಲ್ಲದ ಅಂಗಡಿಯ ಇಲ್ಲದ ಮೇಲಿನ ಅಟ್ಟದಲ್ಲಿ ಅಪ್ಪ ಹುಡುಕುತ್ತಿದ್ದರು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಶಾಲೆಯಿಂದ ಬಂದವಳು ನನ್ನ ಹತ್ತಿರ ಇನ್ನೂ ಇಂಗ್ಲಿಷಿನಲ್ಲೇ ಮಾತಾಡುತ್ತಾಳೆ. ಮೊನ್ನೆಯ "ಜಾನುಮಾಡಾ ಜೋಡೀ" ಕೇಳಿದಿರಲ್ಲ. ಆದರೆ ವಾರಕ್ಕೆ ಇಪ್ಪತ್ತು ನಿಮಿಷ ಅವಳಿಗೊಂದು ಕೌಂಟರು ಇದೆ, ಅಲ್ಲಿ ನಾನಿಲ್ಲ. ನಿಮಗೂ ಊರಿನಲ್ಲಿ ಒಬ್ಬ ಅಜ್ಜನೋ ಅತ್ತೆಯೋ ಇದ್ದರೆ ಒಂದು ಅಂಗಡಿ ಇಟ್ಟುಕೊಡಿ. ಹಾಡಿನದ್ದೇ ಆಗಬೇಕಿಲ್ಲ, ಕಥೆಯದ್ದಾದರೂ ಆದೀತು. ಒಂದೇ ಷರತ್ತು: ಮಗು ತಡವರಿಸಿದಾಗ ನೀವು ಪಕ್ಕದಲ್ಲಿ ಇರಬೇಡಿ.

ಡಿಸೆಂಬರಿನಲ್ಲಿ ಮತ್ತೆ ಊರಿಗೆ ಹೋಗುತ್ತಿದ್ದೇವೆ. ಮೊಲದ ಕೀಚೈನ್ ತಾನೇ ಕೇಳುತ್ತೇನೆ ಅಂದಿದ್ದಾಳೆ. ನೋಡೋಣ.