ಬೆಟ್ಟಕ್ಕೆ ಯಾವ ಬಾಟಲಿ?

ಆದೋನಿ ಕೋಟೆ ಬೆಟ್ಟಕ್ಕೆ ಏಳನೇ ತರಗತಿ ಮಕ್ಕಳನ್ನು ಭಾನುವಾರ ಕರೆದೊಯ್ಯುವುದಿತ್ತು. "ಪ್ಲಾಸ್ಟಿಕ್ ಬಾಟಲಿ ಯಾರೂ ತರಬೇಡಿ, ಸ್ಟೀಲಿಂದೇ ತರಬೇಕು" ಎಂದು ಹೇಳಿಬಿಟ್ಟೆ. ಹಿಂದಿನ ಸಲ ಕೂಲ್‌ಡ್ರಿಂಕ್ಸ್ ಬಾಟಲಿಯ ನೀರು ಬಿಸಿಲಿಗೆ ಕಾದು ವಾಸನೆ ಹೊಡೆದಿತ್ತು. ಖಾಲಿ ಬಾಟಲಿಗಳನ್ನು ಮಕ್ಕಳು ಬಂಡೆ ಸಂದಿಯಲ್ಲೇ ಬಿಟ್ಟು ಬಂದರು, ನಾನೂ ನೋಡಿ ಸುಮ್ಮನಿದ್ದೆ.

ಈ ಸಲ ಒಬ್ಬಳು ಹುಡುಗಿ ಬರಲಿಲ್ಲ. ಸೋಮವಾರ ಕೇಳಿದರೆ "ಹೊಟ್ಟೆನೋವಿತ್ತು ಸಾರ್" ಅಂದಳು. ಪಕ್ಕದವಳು ಆಮೇಲೆ ಮೆಲ್ಲಗೆ, "ಅವರ ಮನೇಲಿ ಸ್ಟೀಲ್ ಬಾಟಲಿ ಇಲ್ಲ ಸಾರ್" ಅಂದಳು. ಹತ್ತಿ ಬಿಡಿಸುವ ಕೂಲಿಗೆ ಹೋಗುವ ಮನೆ... ನನಗೆ ಹೊಳೆಯಲೇ ಇಲ್ಲ ನೋಡಿ.

ಸಂಜೆ ಪಾತ್ರೆ ಅಂಗಡಿಗೆ ಹೋದೆ. ಎರಡು ಪದರದ ಬಾಟಲಿ ನೀರನ್ನು ತಣ್ಣಗಿಡುತ್ತದೆ, ಆದರೆ ಭಾರ, ಬೆಲೆಯೂ ಜಾಸ್ತಿ. ತಾಮ್ರದ್ದು ಚಂದ, ಮಜ್ಜಿಗೆ, ನಿಂಬೆ ಪಾನಕ ಹಾಕುವಂತಿಲ್ಲ. ಅಲ್ಯೂಮಿನಿಯಂ ಹಗುರ, ಒಳಗೆ ಲೇಪನ ಹಚ್ಚಿರುತ್ತಾರೆ. ಒಂದೇ ಪದರದ, ಅಗಲ ಬಾಯಿಯ ಸ್ಟೀಲೇ ಸರಿ ಅನ್ನಿಸಿತು, ಕೈ ಹಾಕಿ ತೊಳೆಯಬಹುದು. ಸ್ಟೀಲ್ ಮುಚ್ಚಳದ್ದನ್ನೇ ಆರಿಸಿದರೂ ಒಳಗೊಂದು ವಾಷರ್ ಇದ್ದೇ ಇತ್ತು. ಇರಲಿ. ಒದ್ದೆ ಬಟ್ಟೆ ಸುತ್ತಿದರೆ, ಬಟ್ಟೆ ಆರುತ್ತಾ ನೀರೂ ತಂಪಾಗುತ್ತದೆ. ಆರು ಬಾಟಲಿ ಕೊಂಡು ಶಾಲೆಯ ಬೀರುವಿನಲ್ಲಿಟ್ಟೆ.

ಮುಂದಿನ ತಿಂಗಳು ರಣಮಂಡಲ ಬೆಟ್ಟದ ಆಂಜನೇಯನ ಗುಡಿಗೆ ಹೊರಟಾಗ ಆ ಹುಡುಗಿ ಬಂದಳು. ಬೀರುವಿನ ಬಾಟಲಿ ಬೇಡವೆಂದಳು. ಕೈಯಲ್ಲಿ ಅಜ್ಜಿಯ ಹಿತ್ತಾಳೆ ತಂಬಿಗೆ, ಬಾಯಿಗೆ ಬಟ್ಟೆ ಕಟ್ಟಿತ್ತು. ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ನೀರು ಅರ್ಧ ಚೆಲ್ಲಿತ್ತು. ನನ್ನ ಬಾಟಲಿಯಿಂದ ತುಂಬಿಸಿಕೊಟ್ಟೆ.