ಒದೆಯದ ಕಾಲು

ನಾನು ಚಿಕ್ಕವನಿದ್ದಾಗ ಬೆಟಗೇರಿಯ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದೇ ಮಗ್ಗದ ಸದ್ದಿನಿಂದ. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತನೆಂದರೆ ಏಳುತ್ತಿದ್ದುದು ಊಟಕ್ಕೇ. ನಾನು ಪಿ.ಯು.ಸಿ. ಓದುತ್ತಿದ್ದ ವರ್ಷ ಅವನ ಬಲತೊಡೆ ನೋಯತೊಡಗಿತು. ರಾತ್ರಿ ನಿದ್ದೆಯಿಲ್ಲ. ಬರಬರುತ್ತ ಮೆಟ್ಟಿಲು ಇಳಿಯುವಾಗ ಮೊಣಕಾಲು ತಟ್ಟನೆ ಮಡಚಿಕೊಳ್ಳತೊಡಗಿತು.

'ವಾತ ಇರಬೇಕು' ಎಂದ ಲಕ್ಷ್ಮೇಶ್ವರದ ಸೋದರಮಾವ. ಅವ್ವ ಎರಡು ತಿಂಗಳು ಮೊಣಕಾಲಿಗೆ ಎಣ್ಣೆ ತಿಕ್ಕಿದಳು. ಒಂದು ದಿನ ಅಪ್ಪ ಕುಣಿಯಿಂದ ಏಳಲಾಗದೆ ಅಲ್ಲೇ ಕುಸಿದ. ಮಗ್ಗ ನಿಂತಿತು. ನನ್ನ ಓದೂ ನಿಲ್ಲುವುದೇನೋ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಗದಗಿನ ಡಾಕ್ಟರು ಅಪ್ಪನನ್ನು ಮೇಜಿನ ಅಂಚಿಗೆ ಕೂಡಿಸಿ, ಮೊಣಕಾಲ ಚಿಪ್ಪಿನ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಎಡಗಾಲು ಮುಂದಕ್ಕೆ ಚಿಮ್ಮಿತು. ಬಲಗಾಲು ಜೋತುಬಿದ್ದೇ ಇತ್ತು. ಟೇಪು ಹಿಡಿದು ಅಳೆದರೆ ಬಲತೊಡೆ ಸೊರಗಿತ್ತು.

'ಯಜಮಾನ್ರ, ತಪ್ಪು ಮೊಣಕಾಲಿಂದಲ್ರೀ, ತೊಡಿ ನರದ್ದು. ಎಂದಾದ್ರೂ ಸಕ್ಕರಿ ತಪಾಸ ಮಾಡ್ಸೀರೇನು?'

ಮಾಡಿಸಿರಲಿಲ್ಲ. ಮಾಡಿಸಿದಾಗ ಸಕ್ಕರೆ ಬಹಳವಿತ್ತು.

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು. ಸೊಂಟದ ಎರಡು, ಮೂರು, ನಾಲ್ಕನೆಯ ನರಬೇರುಗಳು ಕೂಡಿ ಫೆಮರಲ್ ನರವಾಗುತ್ತದೆ. ಅದು ತೊಡೆಸಂದಿನಲ್ಲಿ ಹಾದು, ಸ್ವಲ್ಪ ದೂರದಲ್ಲೇ ಹಲವು ಕವಲಾಗುತ್ತದೆ. ತೊಡೆಯ ಮುಂದಿನ ದೊಡ್ಡ ಸ್ನಾಯುವನ್ನು ನಡೆಸುವುದು ಅದೇ. ಆ ಸ್ನಾಯು ಎಳೆದರೆ ಮೊಣಕಾಲು ನೆಟ್ಟಗೆ ನಿಲ್ಲುತ್ತದೆ, ಸಡಿಲಾದರೆ ಮಡಚುತ್ತದೆ. ತೊಡೆಯ ಮುಂಭಾಗದ ಮತ್ತು ಮೊಣಕಾಲ ಕೆಳಗಿನ ಒಳಮಗ್ಗುಲಿನ ಸ್ಪರ್ಶವೂ ಇದೇ ನರದ್ದು. ಸುತ್ತಿಗೆಯ ಏಟಿನ ಸುದ್ದಿ ಈ ನರದಲ್ಲಿ ಬೆನ್ನುಹುರಿಗೆ ಹೋಗಿ, ಮಿದುಳಿನ ಅಪ್ಪಣೆಗೆ ಕಾಯದೆ ಇದರಲ್ಲೇ ಮರಳುತ್ತದೆ. 1875ರಲ್ಲಿ ಜರ್ಮನಿಯ ಎರ್ಬ್ ಮತ್ತು ವೆಸ್ಟ್‌ಫಾಲ್ ಇದನ್ನು ಬೇರೆಬೇರೆಯಾಗಿ ವಿವರಿಸಿದ್ದರು. ಸಕ್ಕರೆ ಕಾಯಿಲೆ ಈ ನರವನ್ನೂ ಅದರ ಬೇರುಗಳನ್ನೂ ಕೆಡಿಸಬಲ್ಲದು.

ನನಗೆ ನಾಚಿಕೆಯಾಯಿತು. ಪರಾವರ್ತಿತ ಪ್ರತಿಕ್ರಿಯೆಯ ಚಿತ್ರವನ್ನು ಎಸ್.ಎಸ್.ಎಲ್.ಸಿ.ಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಅಪ್ಪನ ಕಾಲಿನಲ್ಲೂ ಇದೆಯೆಂದು ಒಮ್ಮೆಯೂ ಹೊಳೆದಿರಲಿಲ್ಲ.

'ನರ ಸುಧಾರಿಸಬಹುದು, ಆದ್ರ ತಿಂಗಳುಗಟ್ಟಲೆ ಬೇಕು' ಎಂದಿದ್ದರು ಡಾಕ್ಟರು. ಮಾತ್ರೆ, ಪಥ್ಯದ ಜೊತೆಗೆ ದಿನಾ ಸಂಜೆ ಕಾಲು ಚಾಚುವ ವ್ಯಾಯಾಮ. ಎಣಿಸುವ ಕೆಲಸ ನನ್ನದು. ಮೊದಲು ಐದಕ್ಕೇ ಸುಸ್ತು. ಮುಂದಿನ ಯುಗಾದಿಯ ಹೊತ್ತಿಗೆ ಅಪ್ಪ ಯಾರ ಕೈಯನ್ನೂ ಹಿಡಿಯದೆ ಕುಣಿಯಿಂದ ಎದ್ದ. ಮಗ್ಗ ಮತ್ತೆ ಸದ್ದು ಮಾಡಿತು.

ಓದುವ ಮಕ್ಕಳೇ, ಮನೆಯಲ್ಲಿ ಯಾರಾದರೂ 'ಕಾಲಾಗ ಕಸುವಿಲ್ಲ' ಎಂದರೆ ವಯಸ್ಸಾಯಿತೆಂದು ಸುಮ್ಮನಾಗಬೇಡಿ. ಪುಸ್ತಕದಲ್ಲಿ ಓದಿದ್ದನ್ನು ಒಮ್ಮೆ ನೆನೆದು, ಅವರನ್ನು ಡಾಕ್ಟರ ಬಳಿ ಕರೆದೊಯ್ಯಿರಿ.